ಗುಲಾಬಿ ಲೆಕ್ಕ

ಮನ್ಸೂರಾದ ಆ ಮೂರನೆಯ ಮಹಡಿಯಲ್ಲಿ
ಮೂವತ್ತೊಂದು ವರ್ಷ
ಇಲಿಯ ಯಕೃತ್ತನ್ನು ರಾತ್ರಿಯಿಡೀ ಆಮ್ಲದಲ್ಲಿ ಕುದಿಸಿದಳು ಇನ್ಶಿರಾಹ್.
ಬೆಳಗಾಗುವಷ್ಟರಲ್ಲಿ ಮಾಂಸವೆಲ್ಲ ಕರಗಿ
ಗಾಜಿನ ತಳದಲ್ಲಿ ಚಹಾ ಬಣ್ಣದ ನೀರು.
ಅದಕ್ಕೆ ಹನಿಹನಿಯಾಗಿ ಇನ್ನೊಂದು ದ್ರಾವಣ.
ಗುಲಾಬಿಗೆ ತಿರುಗಿದರೆ ನಾರು ಇದೆ.
ಎಷ್ಟು ಗುಲಾಬಿಯೋ ಅಷ್ಟು ನಾರು.
ಇಷ್ಟೇ ಕಸುಬು. ಉಳಿದದ್ದೆಲ್ಲ
ಅರ್ಜಿ, ಸಹಿ, ಕರೆಂಟು ಹೋದಾಗ
ಫ್ರೀಜರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವುದು.

ನಾವು ಕರುಳು ಚುರುಕ್ಕೆಂದಿತು ಅನ್ನುವಲ್ಲಿ
ಅಲ್ಲಿಯ ತಾಯಂದಿರು ಯಕೃತ್ತು ಅನ್ನುತ್ತಾರೆ.
ಮಗ ಎಡವಿ ಬಿದ್ದರೆ, ಅಯ್ಯೋ ನನ್ನ ಯಕೃತ್ತೇ.
ಅವಳ ತಾಯಿ ಹಾಗೆ ಕೂಗಿದ್ದು ರಿಫಾತನಿಗೆ.
ಇವಳಿಗಿಂತ ಏಳು ವರ್ಷ ದೊಡ್ಡವ,
ಕಾಲುವೆಯ ನೀರಲ್ಲಿ ಮೊಣಕಾಲುದ್ದ ನಿಂತು ಭತ್ತ ನೆಟ್ಟವ.
ಚರ್ಮ ತುರಿಸಿದ ದಾರಿಯಲ್ಲೇ ಹುಳ ಒಳಹೊಕ್ಕಿತ್ತು.
ನಲವತ್ತಕ್ಕೆ ಹೊಟ್ಟೆ ಬಸುರಿಯ ಹಾಗೆ, ತೋಳು ಕಡ್ಡಿ.
ನಗುವವರು ನಕ್ಕರು: ಹೆರಿಗೆ ಯಾವಾಗ?
ಅವನೂ ನಕ್ಕ. ಹಬ್ಬಕ್ಕೆ, ಅಂದ.
ಹಬ್ಬಕ್ಕೆ ಮೂರು ದಿನ ಇರುವಾಗ
ಬೋಗುಣಿ ತುಂಬ ರಕ್ತ ಕಾರಿದ.

ಯಕೃತ್ತಿನಲ್ಲೊಂದು ಸೋಮಾರಿ ಕಣವಿದೆ,
ಚುಕ್ಕಿಯ ಆಕಾರ, ಮೈತುಂಬ ಎಣ್ಣೆಯ ಹನಿ.
ಪೆಟ್ಟು ಬಿತ್ತೋ,
ಎಣ್ಣೆ ಚೆಲ್ಲಿ ಎದ್ದು ನೂಲತೊಡಗುತ್ತದೆ.
ಒಂದು ಹೊಲಿಗೆ ಹಾಕಿ ಹೋಗಲು ಬಂದದ್ದು
ಊರಿಗೆಲ್ಲ ಬೇಲಿ ಹಾಕುತ್ತದೆ.
ಅದನ್ನವಳು ಮೊದಲು ಕಂಡದ್ದು ಕೈರೋದಲ್ಲಿ,
ಎರವಲು ಸೂಕ್ಷ್ಮದರ್ಶಕದ ನೇರಳಾತೀತ ಬೆಳಕಲ್ಲಿ:
ಕತ್ತಲೊಳಗೆ ನೀಲಿ, ಹಸಿರು, ಎರಡೂ ಅಲ್ಲದ ಹೊಳಪು.
ಉಸಿರು ಬಿಡುವುದರೊಳಗೆ ಆರಿತು.
ಮುಗೀತಾ? ಎಂದಳು.
ಹಾಗೇ ಅದು, ಎಂದ ಅಲ್ಲಿಯ ಸಹಾಯಕ,
ನೋಡಿದ್ದಕ್ಕೇ ಕೆಡುತ್ತದೆ.

ಹನ್ನೆರಡು ವರ್ಷ ಆ ನೂಲುವ ಕೈ ಹಿಡಿಯಲು ಹೋದಳು.
ನಲವತ್ತೊಂದನೆಯ ಮದ್ದು ಇಲಿಗಳಲ್ಲಿ ಪವಾಡ,
ಮನುಷ್ಯರಲ್ಲಿ ಬರೀ ವಾಂತಿ.
ಆ ಸಂಜೆ ಗೇಟಿನೆದುರು, ತಳ್ಳುಗಾಡಿಯ ಬಳಿ
ಲಿವರ್ ಸ್ಯಾಂಡ್‌ವಿಚ್ ತಿಂದಳು. ಎರಡು.
ಖಾರ ಜಾಸ್ತಿ, ಉಪ್ಪು ನಿಂಬೆ ಜಾಸ್ತಿ.
ಅಂಚು ಚೂಪಾಗಿದೆ, ಮೈ ನಯವಾಗಿದೆ, ಎಳೆಗರು, ಎಂದು
ಗಾಡಿಯವನಿಗೇ ಪಾಠ ಹೇಳಿದಳು.

ಆಮೇಲೆ ಆ ಜನವರಿ.
ಚೌಕಗಳಲ್ಲಿ ಜನ, ವಿಶ್ವವಿದ್ಯಾಲಯಕ್ಕೆ ಬೀಗ.
ಎಂಟು ವಾರ ವಿಷ ಉಂಡ ಇಪ್ಪತ್ತನಾಲ್ಕು ಇಲಿಗಳು
ಐದು ವಾರ ಯಾರ ಸೂಜಿಯೂ ಇಲ್ಲದೆ.
ಮಾರ್ಚಿನಲ್ಲಿ ಮೂಗು ಮುಚ್ಚಿಕೊಂಡೇ ಒಳಬಂದವಳ ಕಡೆ
ಹತ್ತೊಂಬತ್ತು ಮೂತಿಗಳು ಒಟ್ಟಿಗೇ ತಿರುಗಿದವು.
ಕುದಿಸಿದಳು. ಗುಲಾಬಿ ಏರಲಿಲ್ಲ.
ದ್ರಾವಣ ಹಳಸಿರಬೇಕೆಂದು ಹೊಸದು ಕಲಸಿದಳು.
ಮತ್ತೆ ಅದೇ, ಅರ್ಧಕ್ಕಿಂತ ಕಮ್ಮಿ.
ಮದ್ದೇ ಕೊಡದ ಗುಂಪು ಅದು.
ಹೊಡೆಯುವುದನ್ನು ನಿಲ್ಲಿಸಿತ್ತು, ಅಷ್ಟೆ.

ಪುಸ್ತಕದ ಅಂಚಿನಲ್ಲಿ
ರಿಫಾತನನ್ನು ಯಾವ ವರ್ಷ ನೀರಿಂದ ಎಬ್ಬಿಸಿದ್ದರೆ ಎಂದು
ಲೆಕ್ಕ ಹಾಕಿದಳು.
ಹಾಕಿ, ಕಾಣದ ಹಾಗೆ ಗೀಚಿದಳು.

ಪತ್ರಿಕೆಯಿಂದ ಉತ್ತರ ಬಂತು: ಇದು ಬೇರೆಡೆ ತಿಳಿದದ್ದೇ.
ಅಲ್ಲದೆ ಆ ಐದು ವಾರ
ಪ್ರಾಣಿಗಳ ಆಹಾರವೇನು, ನಮೂದಾಗಿಲ್ಲ.

ಕಾವಲಿನ ಅಬ್ದುತ್ತವ್ವಾಬನನ್ನು ಕರೆದಳು.
ಏನು ಹಾಕಿದೆ?
ನಾವು ತಿಂದದ್ದೇ, ಡಾಕ್ಟರಮ್ಮ.
ಅಂದರೆ?
ರೊಟ್ಟಿ. ಸಿಕ್ಕ ದಿನ ಬೇಯಿಸಿದ ಕಾಳು.
ಸಿಗದ ದಿನ?
ಅವನು ಕಿಟಕಿ ನೋಡಿದ.
ಎಷ್ಟು ಗ್ರಾಂ?
ಅಂಗೈ ಚಾಚಿ, ಬೆರಳು ಸ್ವಲ್ಪ ಮಡಿಸಿ ತೋರಿಸಿದ.
ಇಷ್ಟು.

ಅವಳು ಸ್ಕೇಲು ತಂದು
ಆ ಕೈಯನ್ನು ಅಳೆದಳು.